ನೆಲವೇ ಡೊಂಕಾಗಿದ್ದರೆ? – ಮಕ್ಕಳಿಗೊಂದು ಗಿಟಾರ್ ಕೊಳ್ಳುವ ಮುನ್ನ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಹಿರಿಯರ ಈ ಗಾದೆಯನ್ನು ಬಳಸದ ತಂದೆತಾಯಿಗಳಿಲ್ಲ, ಉಪಾಧ್ಯಾಯರಿಲ್ಲ. ಧರ್ಮಗುರುಗಳಾದ ನಾವೂ ಅದಕ್ಕೆ ಹೊರತಲ್ಲ. ಕಲಿಯುವ ಮನಸ್ಸಿಲ್ಲದವನು ಉಪಕರಣವನ್ನು ದೂರುತ್ತಾನೆಂಬುದು ಬಹುಮಟ್ಟಿಗೆ ನಿಜವೇ. ಆದರೆ ನೆಲ ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳೂ ಉಂಟು. ಅಂತಹ ಸಂದರ್ಭದಲ್ಲಿ ಈ ಗಾದೆಯು ಒಂದು ಎಳೆಯ ಮನಸ್ಸಿಗೆ ಎಷ್ಟು ದೊಡ್ಡ ಅನ್ಯಾಯ ಮಾಡಬಲ್ಲದೆಂಬುದನ್ನು ನಮಗೆ ಕಲಿಸಿದ್ದು ಒಂದು ಗಿಟಾರ್.

ಕೆಲವು ವರ್ಷಗಳ ಹಿಂದೆ, ನಾವು ಸೇವೆ ಸಲ್ಲಿಸುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ ಯುವಜನರ ಗಾಯನ ಮಂಡಳಿಗೆಂದು ಎರಡು ಗಿಟಾರ್‌ಗಳನ್ನು ಕೊಂಡೆವು. ಪಾಲನಾ ಪರಿಷತ್ತು ಮಂಜೂರು ಮಾಡಿದ್ದ ಹಣದಲ್ಲಿ ಆದಷ್ಟು ಉಳಿಸಿ ತೋರಿಸಬೇಕೆಂಬ ಹಂಬಲ ನಮಗಿತ್ತು. ಅಂಗಡಿಯಲ್ಲಿದ್ದ ಅತ್ಯಂತ ಅಗ್ಗದ ವಾದ್ಯಗಳನ್ನು, ಅವುಗಳ ಹೊಳಪನ್ನಷ್ಟೇ ನೋಡಿ, ಒಂದು ತಂತಿಯನ್ನೂ ಮೀಟಿಸದೆ ತಂದುಬಿಟ್ಟೆವು. ಎಂಟನೆಯ ತರಗತಿಯ ಒಬ್ಬ ಹುಡುಗಿ ಬಹಳ ಉತ್ಸಾಹದಿಂದ ಕಲಿಯತೊಡಗಿದಳು. ಶನಿವಾರ ಸಂಜೆ ತಪ್ಪದೆ ಬರುತ್ತಿದ್ದಳು. ಮೊದಲನೆಯ ತಿಂಗಳು ಬೆರಳು ತುಂಬ ನೋಯುತ್ತದೆ ಎಂದಳು. ಎರಡನೆಯ ತಿಂಗಳು, ಸರಿಯಾಗಿ ಒತ್ತಿದರೂ ಅಪಸ್ವರ ಕೇಳುತ್ತದೆ ಎಂದಳು. ನಾವು ನಕ್ಕು ಮೇಲಿನ ಗಾದೆಯನ್ನು ಹೇಳಿದೆವು. ನಾಲ್ಕನೆಯ ತಿಂಗಳು ಅವಳು ಬರಲಿಲ್ಲ. ವಿಚಾರಿಸಿದಾಗ ತಾಯಿ ಹೇಳಿದರು: "ಹೋಗಲಿ ಬಿಡಿ ಫಾದರ್, ಅವಳಿಗೆ ದೇವರು ಆ ವರ ಕೊಟ್ಟಿಲ್ಲ."

ಎರಡು ವರ್ಷಗಳ ಬಳಿಕ, ವಾರ್ಷಿಕ ಹಬ್ಬದ ನೊವೆನಾಕ್ಕೆ ಬಂದಿದ್ದ ನುರಿತ ವಾದಕರೊಬ್ಬರು ಅದೇ ಗಿಟಾರನ್ನು ಕೈಗೆತ್ತಿಕೊಂಡರು. ಒಂದು ಕಣ್ಣು ಮುಚ್ಚಿ ಅದರ ಕುತ್ತಿಗೆಯುದ್ದಕ್ಕೂ ದೃಷ್ಟಿ ಹಾಯಿಸಿದರು. ಮೇಜಿನ ಮೇಲಿದ್ದ ಪೆನ್ಸಿಲನ್ನು ತೆಗೆದುಕೊಂಡು ವಾದ್ಯದ ನಡುಭಾಗದಲ್ಲಿ ತಂತಿಗಳ ಕೆಳಗೆ ತೂರಿಸಿದರು. ಅದು ಸಲೀಸಾಗಿ ಒಳಹೋಯಿತು. "ಫಾದರ್, ಇದನ್ನು ನನ್ನಿಂದಲೂ ನುಡಿಸಲಾಗದು. ಯಾರನ್ನು ಇದರಲ್ಲಿ ಕಲಿಯಲು ಕೂರಿಸಿದ್ದಿರಿ?" ಎಂದರು. ನಾವು ಉತ್ತರ ಕೊಡಲಿಲ್ಲ. ವಾದ್ಯಗಳನ್ನು ದುರಸ್ತಿ ಮಾಡುವವರೊಬ್ಬರಲ್ಲಿಗೆ ಅದನ್ನು ಕಳುಹಿಸಿದೆವು. ತಂತಿಗಳ ಎತ್ತರ ತಗ್ಗಿತು, ಸ್ವರ ಸರಿಹೋಯಿತು. ತಗುಲಿದ ವೆಚ್ಚ 600 ರೂಪಾಯಿ. ಅಷ್ಟು ಹಣದ ಕೆಲಸ ಸಕಾಲದಲ್ಲಿ ಆಗದ ಕಾರಣ ಒಂದು ಮಗು ತನಗೆ ದೇವರ ವರವೇ ಇಲ್ಲವೆಂದು ನಂಬಿತ್ತು.

ಈ ಲೇಖನವನ್ನು ಬರೆಯುತ್ತಿರುವುದು ಆ ಋಣಭಾರದಿಂದ. ಕ್ರಿಸ್ಮಸ್ ಹತ್ತಿರವಾದಾಗ, ಪರೀಕ್ಷೆ ಮುಗಿದು ರಜೆ ಆರಂಭವಾದಾಗ, ನಮ್ಮ ಎಷ್ಟೋ ಮನೆಗಳಲ್ಲಿ "ಪಪ್ಪಾ, ಗಿಟಾರ್ ಕೊಡಿಸಿ" ಎಂಬ ಬೇಡಿಕೆ ಏಳುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾದ ಕುಟುಂಬಗಳಿಗೆ ಅದು ಸಣ್ಣ ಖರ್ಚಲ್ಲ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ವೆಚ್ಚದ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಬೋಧಿಸಿದ್ದನ್ನು ಸಂತ ಲೂಕನ ಶುಭಸಂದೇಶದಲ್ಲಿ ಓದುತ್ತೇವೆ. ಆ ಲೆಕ್ಕವನ್ನು ಹೇಗೆ ಹಾಕಬೇಕೆಂಬುದೇ ಇಂದಿನ ವಿಷಯ.

ದೇವಾಲಯದಲ್ಲಿ ಗಿಟಾರ್ ಸಲ್ಲುವುದೇ?

ಹಿರಿಯರಲ್ಲಿ ಕೆಲವರು ಈ ಪ್ರಶ್ನೆಯನ್ನು ಈಗಲೂ ಕೇಳುವುದುಂಟು. 1903ರಲ್ಲಿ ಜಗದ್ಗುರು ಹತ್ತನೆಯ ಭಕ್ತಿನಾಥರು, ಅಂದರೆ ಸಂತ ಹತ್ತನೆಯ ಪಿಯುಸ್, ದೇವಾಲಯದ ಸಂಗೀತದ ಕುರಿತು ಹೊರಡಿಸಿದ ಆದೇಶದಲ್ಲಿ ಪಿಯಾನೋವನ್ನೂ ಗದ್ದಲದ ವಾದ್ಯಗಳನ್ನೂ ನಿಷೇಧಿಸಿದ್ದರು. 1963ರ ಡಿಸೆಂಬರ್ 4ರಂದು ಪ್ರಕಟವಾದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆರಾಧನಾ ವಿಧಿಯ ಸಂವಿಧಾನವು ಪೈಪ್ ಆರ್ಗನ್ನಿಗೆ ಅಗ್ರಮಾನ್ಯತೆಯನ್ನು ಉಳಿಸಿಕೊಂಡೇ, ಪವಿತ್ರ ಬಳಕೆಗೆ ಒಗ್ಗುವ, ದೇವಾಲಯದ ಘನತೆಗೆ ತಕ್ಕುದಾದ, ವಿಶ್ವಾಸಿಗಳ ಭಕ್ತಿಯನ್ನು ಬೆಳೆಸುವ ಇತರ ವಾದ್ಯಗಳಿಗೂ ಆಯಾ ಪ್ರದೇಶದ ಧರ್ಮಾಧಿಕಾರಿಗಳ ಸಮ್ಮತಿಯೊಂದಿಗೆ ಬಾಗಿಲು ತೆರೆಯಿತು. ಷರತ್ತು ಇರುವುದು ವಾದ್ಯದ ಹೆಸರಿನ ಮೇಲಲ್ಲ, ಅದನ್ನು ಬಳಸುವ ರೀತಿಯ ಮೇಲೆ.

ಆದರೆ ಗಿಟಾರಿಗೂ ಕಥೋಲಿಕ ಭಕ್ತಿಗೂ ಇರುವ ನಂಟು ಮಹಾಸಭೆಗಿಂತ ಬಹಳ ಹಳೆಯದು. 1818ರ ಡಿಸೆಂಬರ್ 24ರ ರಾತ್ರಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಪುಟ್ಟ ಊರಿನ ಸಂತ ನಿಕೊಲಾಸರ ದೇವಾಲಯದಲ್ಲಿ ಸಹಾಯಕ ಗುರು ಯೋಸೆಫ್ ಮೋರ್ ಮತ್ತು ಶಾಲಾ ಶಿಕ್ಷಕ ಫ್ರಾನ್ಸ್ ಗ್ರೂಬರ್ ಒಂದು ಹೊಸ ಗೀತೆಯನ್ನು ಹಾಡಿದರು. ಇಂದು ಜಗತ್ತೆಲ್ಲ ಹಾಡುವ 'ಸೈಲೆಂಟ್ ನೈಟ್' ಅದೇ. ಇಲಿಗಳು ಆರ್ಗನ್ನನ್ನು ಕಡಿದು ಹಾಳುಗೆಡವಿದ್ದವೆಂಬ ಕಥೆ ಜನಜನಿತವಾಗಿದ್ದರೂ ಅದಕ್ಕೆ ಆಧಾರವಿಲ್ಲ. ಆದರೆ ಆ ರಾತ್ರಿ ಎರಡು ಕಂಠಗಳಿಗೆ ಆಸರೆಯಾಗಿ ನಿಂತದ್ದು ಒಂದು ಗಿಟಾರ್ ಎಂಬುದು ಇತಿಹಾಸ. ಫಾದರ್ ಮೋರ್ ಅವರ ಗಿಟಾರನ್ನು ಹಾಲೈನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು. ಬಡ ಧರ್ಮಕೇಂದ್ರವೊಂದರ ಸರಳ ವಾದ್ಯವೇ ಆ ಇರುಳಿಗೆ ಸಾಕಾಯಿತು.

ಮೊದಲ ಪ್ರಶ್ನೆ: ಯಾವುದಕ್ಕಾಗಿ?

ಗುರುಮಠದಲ್ಲಿ ತತ್ತ್ವಶಾಸ್ತ್ರದ ಮೊದಲ ವರ್ಷವೇ ನಮಗೆ ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ಕಲಿಸಿದರು. ಒಂದು ವಸ್ತುವನ್ನು ಅರಿಯಬೇಕಾದರೆ ಅದು ಯಾವುದರಿಂದ ಆಗಿದೆ, ಯಾವ ರೂಪದ್ದು, ಯಾರು ಮಾಡಿದರು, ಯಾವ ಉದ್ದೇಶಕ್ಕೆ ಎಂದು ಕೇಳಬೇಕು. ಅಂಗಡಿಯಾತ ಮೊದಲ ಮೂರನ್ನು ಹೇಳಬಲ್ಲ. ನಾಲ್ಕನೆಯದನ್ನು ನಾವೇ ಮನೆಯಲ್ಲಿ ಇತ್ಯರ್ಥ ಮಾಡಿಕೊಂಡು ಹೋಗಬೇಕು.

ಹತ್ತು ವರ್ಷದ ಮಗು ಮನೆಯಲ್ಲಿ ಕಲಿಯುವುದಕ್ಕೆ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಉತ್ತಮ. ತಂತಿಗಳ ಬಿಗಿತ ಕಡಿಮೆ, ಬೆರಳಿಗೆ ನೋವು ಕಡಿಮೆ, ನಾದ ಮೃದು. ಆದರೆ ಅದರ ಕುತ್ತಿಗೆ ಸುಮಾರು 52 ಮಿಲಿಮೀಟರ್ ಅಗಲವಿರುವುದರಿಂದ ಪುಟ್ಟ ಕೈಗಳಿಗೆ ಮುಕ್ಕಾಲು ಅಳತೆಯ ವಾದ್ಯವನ್ನೇ ಆರಿಸಬೇಕು. ರೋಸ್ ಶಾಸ್ತ್ರದ ಸಂಜೆಯಲ್ಲಿ, ಯುವಜನರ ಕೂಟದಲ್ಲಿ, ಧ್ವನಿವರ್ಧಕವಿಲ್ಲದ ವಠಾರದ ಪ್ರಾರ್ಥನೆಯಲ್ಲಿ ಹತ್ತಾರು ಕಂಠಗಳ ನಡುವೆ ಕೇಳಿಸಬೇಕಾದರೆ ಉಕ್ಕಿನ ತಂತಿಯ ಗಿಟಾರ್ ಬೇಕು. ಇದರ ಕುತ್ತಿಗೆ ಸುಮಾರು 43 ಮಿಲಿಮೀಟರ್. ನಾದ ಚುರುಕು, ದೂರಕ್ಕೆ ಸಾಗುತ್ತದೆ.

ಉಕ್ಕಿನ ತಂತಿಯ ವಾದ್ಯಗಳಲ್ಲಿ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಒಡಲಿನ ಆಕಾರಕ್ಕೆ 'ಡ್ರೆಡ್‌ನಾಟ್' ಎಂದು ಹೆಸರು. 1906ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆಯೊಂದರ ಹೆಸರನ್ನು ಹತ್ತು ವರ್ಷಗಳ ಬಳಿಕ ಈ ಗಿಟಾರಿಗೆ ಇಟ್ಟರು. ಯುದ್ಧನೌಕೆಯ ಹೆಸರು ಹೊತ್ತ ವಾದ್ಯವೊಂದು ಇಂದು ಶಾಂತಿಗೀತೆಗಳನ್ನು ನುಡಿಸುತ್ತಿರುವುದು ಸಂತೋಷದ ವಿಷಯವೇ. ಆದರೆ ಅದರ ಒಡಲು ದೊಡ್ಡದು. ಕುಳ್ಳಗಿರುವ ಮಕ್ಕಳ ಬಲಗೈ ಅದರ ಮೇಲೆ ಜೋತುಬಿದ್ದು ಭುಜ ನೋಯುತ್ತದೆ. ಅಂತಹವರಿಗೆ 'ಕಾನ್ಸರ್ಟ್' ಎಂದು ಕರೆಯುವ, ಸೊಂಟ ಸಣ್ಣಗಿರುವ ಆಕಾರ ಒಗ್ಗುತ್ತದೆ.

ಒಂದು ಎಚ್ಚರಿಕೆ: ಸದ್ದು ಹೆಚ್ಚಲೆಂದು ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಕಟ್ಟಬಾರದು. ನೈಲಾನ್ ತಂತಿಗಳ ಒಟ್ಟು ಸೆಳೆತ ಸುಮಾರು 40 ಕಿಲೋ ಆದರೆ ಉಕ್ಕಿನವುಗಳದು 70 ಕಿಲೋಗ್ರಾಮಿನ ಆಸುಪಾಸು. ಹಗುರವಾಗಿ ಕಟ್ಟಿದ ವಾದ್ಯ ಆ ಭಾರವನ್ನು ತಾಳಲಾರದೆ ಬಾಗುತ್ತದೆ. ತಂತಿ ಹಿಡಿದಿರುವ ಬ್ರಿಜ್ ಕಿತ್ತುಬರುವುದೂ ಉಂಟು.

ಮರ, ಹೊಳಪು ಮತ್ತು ನಾದ

'ಇದು ರೋಸ್‌ವುಡ್' ಎಂದು ಅಂಗಡಿಯಾತ ಹೇಳಿದೊಡನೆ ನಾವು ಬೆರಗಾಗುತ್ತೇವೆ. ಆ ರೋಸ್‌ವುಡ್ ಬೇರೇನೂ ಅಲ್ಲ, ನಮ್ಮ ಮಲೆನಾಡಿನ, ಕೊಡಗಿನ ಬೀಟೆ ಮರ. ಬ್ರೆಜಿಲ್ ದೇಶದ ಬೀಟೆ ದುರ್ಲಭವಾದಾಗ ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪೆನಿ 1969ರಲ್ಲಿ ಭಾರತದ ಬೀಟೆಯ ಕಡೆಗೆ ತಿರುಗಿತು. ಅಂದಿನಿಂದ ಜಗತ್ತಿನ ಎಷ್ಟೋ ಶ್ರೇಷ್ಠ ಗಿಟಾರ್‌ಗಳ ಬೆನ್ನು ಮತ್ತು ಪಕ್ಕಗಳು ಭಾರತದ ಕಾಡಿನ ಈ ಮರದವು. ಇದು ನಮಗೆ ಹೆಮ್ಮೆಯ ಮಾತು. ಆದರೆ ಕಡಿಮೆ ಬೆಲೆಯ ಗಿಟಾರಿನಲ್ಲಿ ಅಂಟಿಸಿರುವುದು ಕಾಗದದಷ್ಟು ತೆಳುವಾದ ಬೀಟೆಯ ಪದರ ಮಾತ್ರ. ಅದರ ಕೆಳಗಿರುವುದು ಸಾಮಾನ್ಯ ಪದರ ಹಲಗೆ. ಆ ಹೆಸರಿಗಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ.

ಈ ವಿಷಯದಲ್ಲಿ ಸ್ಪೇನ್ ದೇಶದ ಅಂತೋನಿಯೋ ದೆ ತೊರ್ರೆಸ್ ಎಂಬ ಮಹಾನ್ ಕುಶಲಕರ್ಮಿ 1862ರಲ್ಲಿ ಒಂದು ಪಾಠವನ್ನು ಕಲಿಸಿದರು. ಬೆನ್ನನ್ನೂ ಪಕ್ಕಗಳನ್ನೂ ಕಾಗದದ ರದ್ದಿನಿಂದ ಮಾಡಿ, ಮೇಲಿನ ಹಲಗೆಯನ್ನು ಮಾತ್ರ ಒಳ್ಳೆಯ ಮರದಲ್ಲಿ ಜೋಡಿಸಿ ಒಂದು ಗಿಟಾರನ್ನು ರಚಿಸಿದರು. ನಾದದ ಜೀವಾಳವಿರುವುದು ಮೇಲ್ಹಲಗೆಯಲ್ಲಿ ಎಂದು ತೋರಿಸುವುದು ಅವರ ಉದ್ದೇಶ. ಆ ವಾದ್ಯ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ತತ್ತ್ವಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ದ್ರವ್ಯದ ಬೆಲೆ ಎಷ್ಟಿದ್ದರೂ ಅದಕ್ಕೆ ಸರಿಯಾದ ರೂಪ ದೊರೆಯದೆ ನಾದವಿಲ್ಲ.

ಆದುದರಿಂದ ಹಣ ಸ್ವಲ್ಪ ಹೆಚ್ಚಿದ್ದರೆ ಅದನ್ನು ಮೇಲ್ಹಲಗೆಗೆ ವ್ಯಯಿಸಿರಿ. ಒಂದೇ ಮರದ ಗಟ್ಟಿ ಹಲಗೆಯಾದರೆ ನಾದ ತುಂಬಿಬರುತ್ತದೆ, ವರ್ಷ ಕಳೆದಂತೆ ಇನ್ನಷ್ಟು ಮಾಗುತ್ತದೆ. ಹಣವಿಲ್ಲದಿದ್ದರೆ ಕೊರಗಬೇಕಾಗಿಲ್ಲ. ಪದರ ಹಲಗೆಯ ವಾದ್ಯ ನಮ್ಮ ಕರಾವಳಿಯ ತೇವವನ್ನು ಹೆಚ್ಚು ಸಹಿಸಿಕೊಳ್ಳುತ್ತದೆ. ಕಲಿಯುವವನಿಗೆ ಮರಕ್ಕಿಂತಲೂ ಮುಖ್ಯವಾದುದು ವಾದ್ಯ ನೆಟ್ಟಗಿದೆಯೇ ಎಂಬುದು.

ಅಂಗಡಿಯಲ್ಲಿ ಐದು ಪರೀಕ್ಷೆಗಳು

ನೆಲ ಡೊಂಕೋ ನೆಟ್ಟಗೋ ಎಂಬುದನ್ನು ಸಂಗೀತ ಬಾರದ ತಂದೆಯೂ ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು.

ಮೊದಲನೆಯದು, ಬಡಗಿಯು ರೀಪಿನ ನೇರ ನೋಡುವಂತೆ ಒಂದು ಕಣ್ಣು ಮುಚ್ಚಿ ಕುತ್ತಿಗೆಯುದ್ದಕ್ಕೂ ನೋಡಿರಿ. ಅತ್ಯಲ್ಪ ತಗ್ಗು ಇರಬಹುದು. ತಿರುಚಿರಬಾರದು, ಬಿಲ್ಲಿನಂತೆ ಬಾಗಿರಬಾರದು. ಉಕ್ಕಿನ ತಂತಿಯ ಗಿಟಾರಾದರೆ ಕುತ್ತಿಗೆಯೊಳಗೆ ಬಾಗನ್ನು ಸರಿಪಡಿಸುವ 'ಟ್ರಸ್ ರಾಡ್' ಎಂಬ ಸಲಾಕೆ ಇದೆಯೇ ಎಂದು ಕೇಳಿರಿ.

ಎರಡನೆಯದು, ಮಕ್ಕಳ ಅಳತೆಪಟ್ಟಿಯನ್ನು ಜೇಬಿನಲ್ಲಿ ಒಯ್ಯಿರಿ. ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿರುವ ಲೋಹದ ಪಟ್ಟಿಗಳೇ ಫ್ರೆಟ್‌ಗಳು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿಯ ಎತ್ತರ ಉಕ್ಕಿನ ತಂತಿಯ ಗಿಟಾರಿನಲ್ಲಿ ಸುಮಾರು 2.5 ಮಿಲಿಮೀಟರ್, ತೆಳು ತಂತಿಯದು 2 ಮಿಲಿಮೀಟರ್ ಇರಬೇಕು. ನೈಲಾನಿನಲ್ಲಿ 4 ಮತ್ತು 3 ಮಿಲಿಮೀಟರ್. ಇದಕ್ಕಿಂತ ಬಹಳ ಮೇಲಿದ್ದರೆ ಮಗುವಿನ ಬೆರಳು ನೋಯುವುದು ಸೋಮಾರಿತನದಿಂದಲ್ಲ.

ಮೂರನೆಯದು, ಪ್ರತಿಯೊಂದು ತಂತಿಯನ್ನು ಪ್ರತಿಯೊಂದು ಫ್ರೆಟ್ಟಿನಲ್ಲಿ ಒತ್ತಿ ಮೀಟಿಸಿರಿ. ಎಲ್ಲಿಯೂ ಜಿರ್ ಎಂಬ ಸದ್ದು ಬರಬಾರದು, ಸ್ವರ ಸತ್ತಂತೆ ಮೊಂಡಾಗಬಾರದು.

ನಾಲ್ಕನೆಯದು, ತಂತಿಯನ್ನು ಒತ್ತದೆ ಒಮ್ಮೆ, ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ಒಮ್ಮೆ ನುಡಿಸಿರಿ. ಎರಡೂ ಒಂದೇ ಸ್ವರವಾಗಿದ್ದು, ಎರಡನೆಯದು ಒಂದು ಸ್ಥಾಯಿ ಮೇಲಿರಬೇಕು. ಕಿವಿ ಸಾಲದಿದ್ದರೆ ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಟ್ಯೂನರ್ ಹೇಳಿಬಿಡುತ್ತದೆ. ಇಲ್ಲಿ ತಪ್ಪಿದರೆ ಎಷ್ಟು ಶ್ರುತಿ ಮಾಡಿದರೂ ಅಪಸ್ವರ ಹೋಗದು. ಆ ಹುಡುಗಿಯ ಕಿವಿ ಸರಿಯಾಗಿಯೇ ಇತ್ತು!

ಐದನೆಯದು, ಬ್ರಿಜ್ ಮೇಲ್ಹಲಗೆಯಿಂದ ಎದ್ದಿದೆಯೇ ನೋಡಿರಿ. ತೆಳುವಾದ ಕಾಗದ ಅದರ ಕೆಳಗೆ ನುಸುಳಬಾರದು. ಬಿರಡೆಗಳು ನಯವಾಗಿ ತಿರುಗಿ, ತಿರುಗಿಸಿದಲ್ಲಿಯೇ ನಿಲ್ಲಬೇಕು.

ಈ ಪರೀಕ್ಷೆಗಳು ಹಳೆಯ ವಾದ್ಯಗಳಿಗೂ ಅನ್ವಯಿಸುತ್ತವೆ. ಗಲ್ಫಿನಿಂದ ಚಿಕ್ಕಪ್ಪ ತಂದ ಗಿಟಾರೊಂದು ಕಪಾಟಿನ ಮೇಲೆ ಧೂಳು ಹಿಡಿದು ಮಲಗಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಹೊಸದನ್ನು ಕೊಳ್ಳುವ ಮೊದಲು ಅದನ್ನು ಇಳಿಸಿ ನೋಡಿರಿ. ಹುಳು ಹಿಡಿಯದೆ, ಬಿರುಕು ಬಿಡದೆ ಇದ್ದರೆ ಹೊಸ ತಂತಿ ಮತ್ತು ಸ್ವಲ್ಪ ದುರಸ್ತಿಯಿಂದ ಅದು ಎದ್ದು ನಿಂತೀತು.

ಹಣದ ಲೆಕ್ಕ

ಇಂದು 3,000 ರೂಪಾಯಿಗೂ ಗಿಟಾರ್ ಸಿಗುತ್ತದೆ. ಸಾಮಾನ್ಯವಾಗಿ 8,000ದಿಂದ 12,000 ರೂಪಾಯಿಗಳ ನಡುವೆ, ಒಂದರಂತೆ ಇನ್ನೊಂದು ಇರುವ, ನಂಬಿಕೆಗೆ ಅರ್ಹವಾದ ವಾದ್ಯಗಳು ದೊರೆಯುತ್ತವೆ. ಯಮಹಾದ ಎಫ್-310 ಹಾಗೂ ನೈಲಾನ್ ತಂತಿಯ ಸಿ-40 ಇಂತಹವು. ಕಲಿಸುವ ಶಿಕ್ಷಕರು ಬಹಳ ವರ್ಷಗಳಿಂದ ಇವುಗಳನ್ನು ಬಲ್ಲರು. 1887ರಲ್ಲಿ ಜಪಾನಿನ ಶಾಲೆಯೊಂದರ ಕೆಟ್ಟ ಆರ್ಗನ್ನನ್ನು ದುರಸ್ತಿ ಮಾಡುವುದರಿಂದ ಆರಂಭವಾದ ಸಂಸ್ಥೆ ಅದು. ಕೊಲ್ಕತ್ತಾದ ಗಿವ್ಸನ್ ಮೊದಲಾದ ದೇಶೀ ತಯಾರಿಕೆಗಳು ಇನ್ನೂ ಕಡಿಮೆ ಬೆಲೆಗೆ ಸಿಗುತ್ತವೆ. ಮೇಲಿನ ಐದು ಪರೀಕ್ಷೆಗಳಿಂದ ಹುಡುಕಿ ಆರಿಸಿದರೆ ಅವುಗಳಲ್ಲೂ ಒಳ್ಳೆಯ ವಾದ್ಯ ದೊರೆತೀತು.

ನಮ್ಮ ಸಲಹೆ ಇಷ್ಟೇ: ಕೈಯಲ್ಲಿರುವ ಹಣವನ್ನೆಲ್ಲ ವಾದ್ಯದ ಮೇಲೆ ಸುರಿಯಬೇಡಿರಿ. ಹತ್ತು ಸಾವಿರವಿದ್ದರೆ ಎಂಟು ಸಾವಿರದ ವಾದ್ಯ ಕೊಂಡು, ಉಳಿದುದರಲ್ಲಿ ಬಲ್ಲವರಿಂದ ತಂತಿಯ ಎತ್ತರ ಸರಿಪಡಿಸಿರಿ. ಒಂದು ದಪ್ಪನೆಯ ಚೀಲ, ಒಂದು ಜೊತೆ ಹೆಚ್ಚುವರಿ ತಂತಿ ಕೊಳ್ಳಿರಿ. ಸರಿಪಡಿಸಿದ ಅಗ್ಗದ ಗಿಟಾರ್ ಸರಿಪಡಿಸದ ದುಬಾರಿ ಗಿಟಾರಿಗಿಂತ ಮೇಲು. ಮೊಬೈಲ್ ಪರದೆಯಲ್ಲಿ ಚಿತ್ರ ನೋಡಿ ತರಿಸುವವರಂತೂ ಈ ವೆಚ್ಚವನ್ನು ಮೊದಲೇ ಎತ್ತಿಡಬೇಕು.

ವೇದಿಕೆಯಲ್ಲಿ, ಪೀಠದ ಮುಂದೆ

ಸಭೆಯಲ್ಲಿ ನುಡಿಸುವವರಿಗೆ ಇನ್ನೊಂದು ಪ್ರಶ್ನೆ ಏಳುತ್ತದೆ. ಧ್ವನಿಪೆಟ್ಟಿಗೆಗೆ ನೇರವಾಗಿ ಜೋಡಿಸಬಹುದಾದ, ಒಳಗೆ ಪಿಕಪ್ ಇರುವ ಗಿಟಾರ್ ಬೇಕೇ? ಬೆಲೆ ಕಡಿಮೆ ಇರುವಾಗ ಪಿಕಪ್ಪಿಗೆ ಹೋದ ಹಣ ಮರದಲ್ಲಿ, ಕೆಲಸದ ನಯದಲ್ಲಿ ಕಡಿತವಾಗಿರುತ್ತದೆ. ತಿಂಗಳಿಗೆ ಒಂದೆರಡು ಬಾರಿ ನುಡಿಸುವವರಿಗೆ ದೇವಾಲಯದ ಮೈಕೇ ಸಾಕು. ಅದನ್ನು ಗಿಟಾರಿನ ದುಂಡನೆಯ ರಂಧ್ರದ ಎದುರಿಗೆ ಇಡಬಾರದು, ಗುಂಯ್ ಎನ್ನುವ ಸದ್ದು ಏಳುತ್ತದೆ. ಕುತ್ತಿಗೆ ಒಡಲನ್ನು ಸೇರುವ ಜಾಗದಿಂದ ಒಂದು ಗೇಣು ದೂರದಲ್ಲಿಟ್ಟರೆ ನಾದ ಸಹಜವಾಗಿ ಕೇಳುತ್ತದೆ. ಪ್ರತಿ ವಾರ ಹಲವು ಕಡೆ ನುಡಿಸುವವರು ಪಿಕಪ್ ಇರುವುದನ್ನು ಕೊಳ್ಳಲಿ. ಆದರೆ ನುಡಿಸಿದ ಬಳಿಕ ವೈರನ್ನು ಕಳಚಲು ಮರೆಯದಿರಲಿ, ಇಲ್ಲವಾದರೆ ಒಳಗಿನ ಬ್ಯಾಟರಿ ಮುಂದಿನ ಭಾನುವಾರ ಸತ್ತಿರುತ್ತದೆ.

ಇದೆಲ್ಲಕ್ಕಿಂತ ಹೆಚ್ಚು ಉಪಯುಕ್ತವಾದುದು ಕೆಲವು ನೂರು ರೂಪಾಯಿಗಳ 'ಕೇಪೋ' ಎಂಬ ಹಿಡಿಕೆ. ಕುತ್ತಿಗೆಗೆ ಅದನ್ನು ಕಚ್ಚಿಸಿ, ಬೆರಳಿನ ವಿನ್ಯಾಸ ಬದಲಿಸದೆಯೇ ಶ್ರುತಿಯನ್ನು ಏರಿಸಬಹುದು. ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜಿಯ ಕಂಠಕ್ಕೂ ಎಟುಕುವ ಶ್ರುತಿಯನ್ನು ಹುಡುಕುವುದೇ ಗಿಟಾರ್ ವಾದಕನ ಸೇವೆ. ತಪಸ್ಸಿನ ಕಾಲದಲ್ಲಿ, ನಾಲ್ಕನೆಯ ಭಾನುವಾರ ಹಾಗೂ ಮಹೋತ್ಸವ, ಉತ್ಸವದ ದಿನಗಳನ್ನು ಬಿಟ್ಟು, ವಾದ್ಯಗಳನ್ನು ಹಾಡಿಗೆ ಆಸರೆಯಾಗಿ ಮಾತ್ರ ನುಡಿಸಬೇಕೆಂದು ಧರ್ಮಸಭೆ ವಿಧಿಸಿದೆ. ಆ ವಿನಯ ವರ್ಷವಿಡೀ ನಮ್ಮ ಗಿಟಾರ್‌ಗಳಿಗೆ ಒಪ್ಪುವ ಆಭರಣ.

ಕೊಂಡ ಮೇಲೆ ಕಾಪಾಡುವುದೂ ಮುಖ್ಯ. ಗಾಳಿಯ ತೇವ ಶೇಕಡಾ 45ರಿಂದ 55ರವರೆಗೆ ಇದ್ದರೆ ಗಿಟಾರಿಗೆ ಕ್ಷೇಮ. ನಮ್ಮ ಮಳೆಗಾಲ ಅದನ್ನು ಎಷ್ಟೋ ಮೀರುತ್ತದೆ. ಆಗ ಮರ ಉಬ್ಬಿ ತಂತಿಗಳು ಮೇಲೇಳುತ್ತವೆ. ವಾದ್ಯವನ್ನು ತೇವದ ಗೋಡೆಗೆ ಒರಗಿಸದೆ, ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಮುಚ್ಚಿಡಿರಿ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಗಳನ್ನು ಒರೆಸಿದರೆ ಉಪ್ಪುಗಾಳಿಯ ತುಕ್ಕು ತಡವಾಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಎಂದೂ ಬಿಡಬೇಡಿರಿ, ಅಂಟು ಸಡಿಲಾಗುತ್ತದೆ.

ಆ ಹುಡುಗಿ ಈಗ ಪರವೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಒಮ್ಮೆ ಕ್ರಿಸ್ಮಸ್ ರಜೆಯಲ್ಲಿ ಬಂದಿದ್ದಾಗ ನಾವು ನಡೆದುದನ್ನು ಹೇಳಿ ಕ್ಷಮೆ ಕೇಳಿದೆವು. ಅವಳು ಸಂಕೋಚದಿಂದ ನಕ್ಕು, "ಇಲ್ಲ ಫಾದರ್, ನನಗೇ ಬರುತ್ತಿರಲಿಲ್ಲ" ಎಂದಳು. ಗಿಟಾರ್ ದುರಸ್ತಿಯಾಗಿತ್ತು, ಆ ನಂಬಿಕೆಯ ದುರಸ್ತಿ ನಮ್ಮಿಂದಾಗಲಿಲ್ಲ. ಅದೇ ಗಿಟಾರಿನಲ್ಲಿ ಬಳಿಕ ಇನ್ನೊಬ್ಬ ಹುಡುಗ ಕಲಿತು ಬಲಿಪೂಜೆಯಲ್ಲಿ ನುಡಿಸಿದನೆಂಬುದು ನಮಗೆ ಸಮಾಧಾನವನ್ನು ತಂದಿತು, ನೆಮ್ಮದಿಯನ್ನು ತರಲಿಲ್ಲ.

ಆದುದರಿಂದ ಪ್ರಿಯ ತಂದೆತಾಯಿಗಳೇ, ಮಗು "ಆಗುವುದಿಲ್ಲ" ಎಂದಾಗ ಗಾದೆ ಹೇಳುವ ಮೊದಲು ಒಮ್ಮೆ ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳಿರಿ. ನೆಲ ನೆಟ್ಟಗಿದೆಯೆಂದು ಖಚಿತವಾದ ಮೇಲೆ ಅಭ್ಯಾಸ ಮಾಡೆಂದು ಧಾರಾಳವಾಗಿ ಗದರಿಸಿರಿ. ವರ ಕೊಡುವವನು ದೇವರು. ಆ ವರ ಅರಳಲು ನೆಟ್ಟಗಿನ ನೆಲವನ್ನು ಒದಗಿಸುವ ಕೆಲಸವನ್ನು ಆತ ನಮಗೆ ಬಿಟ್ಟಿದ್ದಾನೆ. ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಾಳ ಹಬ್ಬ ನವೆಂಬರ್ 22ರಂದು. ಅಂದು ನಿಮ್ಮ ಮನೆಯ ವಾದ್ಯಗಳನ್ನು ದೇವಾಲಯಕ್ಕೆ ತನ್ನಿರಿ. ಆಶೀರ್ವದಿಸುವ ಮೊದಲು ನಾವು ಪೆನ್ಸಿಲೊಂದನ್ನು ತಂತಿಯ ಕೆಳಗೆ ಹಿಡಿದು ನೋಡಿದರೆ ಯಾರೂ ಬೇಸರಿಸಬಾರದು.